ಪಟ್ಟಿ ಗಡಿ ದಾಟಿದ ಮೇಲೆ ಯಾರ ಸ್ವತ್ತು? ಜಾವಾ ಪಕ್ಕಕ್ಕೆ ಕೋಟ್ಲಿನ್, ಸ್ಕಾಲಾ, ಕ್ಲೋಜರ್, ಗ್ರೂವಿ

ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ನಮ್ಮ ಅರ್ಜಿ ಪುಟದಲ್ಲಿ ಜಿಲ್ಲೆ ಆರಿಸುವ ಡ್ರಾಪ್‌ಡೌನ್ ಒತ್ತಿದರೆ, 'ಎಲ್ಲ ಜಿಲ್ಲೆಗಳು' ಎಂಬ ಸಾಲು ಒಂದರ ಕೆಳಗೊಂದು ಐವತ್ತಕ್ಕೂ ಹೆಚ್ಚು ಸಲ ಬಂದು, ಆಮೇಲೆ ಎಲ್ಲೋ ಬಾಗಲಕೋಟೆ ಶುರುವಾಗುತ್ತಿತ್ತು. ಪುಟವನ್ನು ರಿಫ್ರೆಶ್ ಮಾಡಿದರೆ ಇನ್ನೊಂದು ಸೇರುತ್ತಿತ್ತು. ಸರ್ವರ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಹಾಡು. ಲಾಗ್‌ನಲ್ಲಿ ಒಂದೇ ಒಂದು ಎಕ್ಸೆಪ್ಷನ್ (ಕೋಡ್ ಎಡವಿದಾಗ ಎಸೆಯುವ ದೂರು) ಇಲ್ಲ.

ಆಗಿದ್ದು ಇಷ್ಟೇ. ಹಳೆಯ ಜಾವಾ ಅಪ್ಲಿಕೇಶನ್ನಿಗೆ ನಾನು ಕೋಟ್ಲಿನ್‌ನಲ್ಲಿ ಒಂದು ಹೊಸ ಮಾಡ್ಯೂಲ್ ಬರೆದಿದ್ದೆ. ಅದು ಶುರುವಿನಲ್ಲೇ 31 ಜಿಲ್ಲೆಗಳನ್ನು ಡೇಟಾಬೇಸ್‌ನಿಂದ ತಂದು, ಹೆಸರುಗಳನ್ನಷ್ಟೇ ಆರಿಸಿ ಒಂದು ಲಿಸ್ಟ್ ಮಾಡಿ ಇಟ್ಟುಕೊಳ್ಳುತ್ತಿತ್ತು. ಅದರ ಟೈಪ್ ಬರೀ 'ಲಿಸ್ಟ್', ತಿದ್ದಬಹುದಾದ 'ಮ್ಯೂಟಬಲ್‌ಲಿಸ್ಟ್' ಅಲ್ಲ. ಅಂದರೆ ಯಾರೂ ಮುಟ್ಟುವಂತಿಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಆ ಕಡೆ ಜಾವಾ ಕೋಡ್ ಮೊದಲಿನಿಂದಲೂ ಲಿಸ್ಟ್ ಕೈಗೆ ಬಂದೊಡನೆ ಸೊನ್ನೆಯ ಜಾಗಕ್ಕೆ 'ಎಲ್ಲ ಜಿಲ್ಲೆಗಳು' ಎಂದು ತುರುಕುತ್ತಿತ್ತು. ಹಿಂದೆ ಪ್ರತಿ ಸಲವೂ ಹೊಸ ಲಿಸ್ಟ್ ಸಿಗುತ್ತಿದ್ದರಿಂದ ಆ ಅಭ್ಯಾಸದಿಂದ ತೊಂದರೆ ಇರಲಿಲ್ಲ. ಈಗ ಎಲ್ಲರಿಗೂ ಸಿಗುತ್ತಿದ್ದದ್ದು ನಾನಿಟ್ಟ ಅದೇ ಒಂದು ಲಿಸ್ಟ್. ಟೆಸ್ಟ್ ಇತ್ತು, ಪಾಸೂ ಆಗಿತ್ತು. ಒಂದೇ ಸಲ ಕರೆದು ನೋಡಿದರೆ 'ಎಲ್ಲ ಜಿಲ್ಲೆಗಳು' ಒಂದೇ ಸಲ ಬರುತ್ತದಲ್ಲ.

ಜಾವಾ ಜೊತೆ ಬಾಳುವ ಭಾಷೆ ಆರಿಸುವವರು ಕೇಳುವ ಪ್ರಶ್ನೆ 'ಇಂಟರ್‌ಆಪ್ ಇದೆಯಾ' ಎಂಬುದು, ಅಂದರೆ ಜಾವಾ ಕೋಡ್ ಜೊತೆ ಬೆರೆತು ಕೆಲಸ ಮಾಡುತ್ತದೆಯಾ ಎಂದು. ಕೋಟ್ಲಿನ್, ಸ್ಕಾಲಾ, ಕ್ಲೋಜರ್, ಗ್ರೂವಿ ನಾಲ್ಕಕ್ಕೂ ಉತ್ತರ 'ಇದೆ'. ಸುಳ್ಳೇನಲ್ಲ, ಆದರೆ ಆರಿಸುವುದಕ್ಕೆ ಆ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ನಾನು ಈಗ ಕೇಳುವುದು ಬೇರೆ: ಈ ಕಡೆಯ ಲಿಸ್ಟ್ ಆ ಕಡೆಗೆ ಹೋದ ಮೇಲೆ ಅದನ್ನು ತಿದ್ದುವ ಅಧಿಕಾರ ಯಾರದ್ದು? ತಿದ್ದಬಾರದವರು ತಿದ್ದಿದರೆ ಅದು ಗೊತ್ತಾಗುವುದು ಯಾವಾಗ, ಕಂಪೈಲ್ ಮಾಡುವಾಗಲೋ, ತಿದ್ದಿದ ಸಾಲಿನಲ್ಲೋ, ಇಲ್ಲ ಮೂರು ದಿನ ಬಿಟ್ಟು ಬಳಕೆದಾರರ ಪರದೆಯ ಮೇಲೋ? ಈ ಬರಹದಲ್ಲಿ ನಾಲ್ಕು ಭಾಷೆಗಳನ್ನೂ ತೂಗುತ್ತಿರುವುದು ಈ ತಕ್ಕಡಿಯಲ್ಲಿ.

ಪಿತ್ರಾರ್ಜಿತ ಆಸ್ತಿ

ಈ ಭಾಷೆಗಳೆಲ್ಲ ಒಂದೇ ಮನೆಯ ದಾಯಾದಿಗಳು. ಇವುಗಳ ಕೋಡ್ ಓಡಿಸುವ ಜಾವಾ ವರ್ಚುಯಲ್ ಮಷೀನ್ ಎಂಬ ಒಂದೇ ಅಡುಗೆಮನೆ, ವಸ್ತುಗಳನ್ನಿಡುವ ಒಂದೇ ಹೀಪ್ (ಮೆಮೊರಿ), ಬೇಡವಾದದ್ದನ್ನು ಗುಡಿಸುವ ಒಂದೇ ಗಾರ್ಬೇಜ್ ಕಲೆಕ್ಟರ್. ಪಾತ್ರೆ ಪಗಡ ಕೂಡ ಬಹುಪಾಲು ಹಿರಿಯರದ್ದೇ. ಹಾಗಾಗಿ ಹಿರಿಯರು ಮಾಡಿಟ್ಟ ಒಂದು ತೀರ್ಮಾನವನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ಸಲೀಸು.

ಜಾವಾ ಕಲೆಕ್ಷನ್ಸ್ ಫ್ರೇಮ್‌ವರ್ಕ್ ಬಂದದ್ದು 1998ರಲ್ಲಿ, ಜೆಡಿಕೆ 1.2ರ ಜೊತೆಗೆ, ವಿನ್ಯಾಸ ಜೋಶುವಾ ಬ್ಲಾಕ್ ಅವರದ್ದು. ಓದಲಿಕ್ಕೆ ಮಾತ್ರ ಒಂದು ಇಂಟರ್‌ಫೇಸ್ (ಯಾವ ಮೆಥಡ್‌ಗಳನ್ನು ಕರೆಯಬಹುದು ಎಂಬ ಒಪ್ಪಂದ), ತಿದ್ದಲಿಕ್ಕೆ ಇನ್ನೊಂದು ಎಂದು ಬೇರೆ ಬೇರೆ ಮಾಡಿದರೆ ಇಂಟರ್‌ಫೇಸ್‌ಗಳ ಸಂಖ್ಯೆ ಕೈಮೀರುತ್ತದೆ ಎಂದು ಎಲ್ಲವನ್ನೂ ಒಂದರಲ್ಲೇ ಇಟ್ಟರು. ಪ್ರತಿ ಲಿಸ್ಟ್‌ಗೂ 'ಆಡ್', 'ಸೆಟ್', 'ರಿಮೂವ್' ಇರುತ್ತದೆ. ಕರೆದರೆ ಕೆಲಸ ಮಾಡಬೇಕೆಂಬ ಖಾತ್ರಿ ಇಲ್ಲ. ಇಷ್ಟವಿಲ್ಲದ ಲಿಸ್ಟ್ 'ಅನ್‌ಸಪೋರ್ಟೆಡ್ ಆಪರೇಷನ್' ಎಂಬ ಎಕ್ಸೆಪ್ಷನ್ ಎಸೆಯುತ್ತದೆ. ಬಾಗಿಲು ಎಲ್ಲ ಕೋಣೆಗೂ ಇದೆ, ಬೀಗ ಇದೆಯೋ ಇಲ್ಲವೋ ತಳ್ಳಿ ನೋಡಿದ ಮೇಲೇ ತಿಳಿಯುವುದು. ಜಾವಾ 9ರಲ್ಲಿ, ಅಂದರೆ 2017ರಲ್ಲಿ, 'ಲಿಸ್ಟ್ ಆಫ್' ಬಂದು ನಿಜವಾಗಿ ಬದಲಾಗದ ಲಿಸ್ಟ್ ಮಾಡುವುದು ಸುಲಭವಾಯಿತು. ಆದರೂ ಅದರ ಟೈಪ್ ಅದೇ ಹಳೆಯ ಲಿಸ್ಟ್. ನೋಡಿ ಹೇಳಲು ಬರುವುದಿಲ್ಲ.

ಈ ಬೀಗವಿಲ್ಲದ ಬಾಗಿಲಿಗೆ ಒಬ್ಬೊಬ್ಬ ದಾಯಾದಿ ಒಂದೊಂದು ಉಪಾಯ ಕಂಡುಕೊಂಡ.

ಗ್ರೂವಿ: ಬೇರೆ ಮನೆಯೇ ಮಾಡಲಿಲ್ಲ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೇಳಲು ಹೆಚ್ಚಿಲ್ಲ. ಗ್ರೂವಿಯಲ್ಲಿ ಚೌಕ ಆವರಣದೊಳಗೆ ಒಂದು, ಎರಡು, ಮೂರು ಎಂದು ಬರೆದರೆ ಹುಟ್ಟುವುದು ಜಾವಾದ ಅರೇಲಿಸ್ಟೇ. ಮ್ಯಾಪ್ (ಕೀ ಹಿಡಿದು ಮೌಲ್ಯ ಹುಡುಕುವ ಜೋಡಿಗಳ ಪಟ್ಟಿ) ಬರೆದರೆ ಲಿಂಕ್ಡ್‌ಹ್ಯಾಶ್‌ಮ್ಯಾಪ್. ಸ್ವಂತ ಪಾತ್ರೆ ಇಲ್ಲ, ಹಿರಿಯರ ಪಾತ್ರೆಗೇ ಚಂದದ ಹಿಡಿ ಹಾಕಿಕೊಂಡಿದೆ. ದಾಟಿಸುವ ಖರ್ಚು ಸೊನ್ನೆ, ರಕ್ಷಣೆಯೂ ಸೊನ್ನೆ. 'ಆಸ್‌ಇಮ್ಯೂಟಬಲ್' ಎಂದು ನೀವಾಗಿ ಕರೆದರೆ ಮಾತ್ರ ಬೀಗ.

ಎರಡು ಕಡೆ ಕಾಲು ಜಾರುತ್ತದೆ. ಡಾಲರ್ ಚಿಹ್ನೆ ಹಾಕಿ ಕಟ್ಟಿದ ವಾಕ್ಯ ಗ್ರೂವಿಯಲ್ಲಿ ನಿಜವಾದ ಸ್ಟ್ರಿಂಗ್ ಅಲ್ಲ, ಅದು ಜಿಸ್ಟ್ರಿಂಗ್. ಅದನ್ನು ಮ್ಯಾಪ್‌ನ ಕೀ ಮಾಡಿ ಜಾವಾಕ್ಕೆ ಕೊಟ್ಟರೆ, ಜಾವಾ ಅದೇ ಅಕ್ಷರಗಳ ಸ್ಟ್ರಿಂಗ್ ಕೊಟ್ಟು ಹುಡುಕಿದಾಗ ಸಿಗುವುದಿಲ್ಲ, ಎರಡರ ಹ್ಯಾಶ್‌ಕೋಡ್ (ಕೀ ಹುಡುಕಲು ಬಳಸುವ ಸಂಖ್ಯೆ) ಬೇರೆ. ಪ್ರಿಂಟ್ ಮಾಡಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ತಲೆ ಕೆಡುತ್ತದೆ. ಇನ್ನೊಂದು, ಮ್ಯಾಪ್‌ಗೆ ಡಾಟ್ ಹಾಕಿ 'ಕ್ಲಾಸ್' ಎಂದು ಕೇಳಿದರೆ ಅದರ ಟೈಪ್ ಬರುವುದಿಲ್ಲ. 'ಕ್ಲಾಸ್' ಎಂಬ ಕೀ ಇದೆಯೇ ಎಂದು ಹುಡುಕಿ ನಲ್ (ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ. ಕೋಡ್ ಕಟ್ಟುವ ಗ್ರೇಡಲ್ ಸ್ಕ್ರಿಪ್ಟ್‌ಗೆ, ಬಿಲ್ಡ್ ಓಡಿಸುವ ಜೆಂಕಿನ್ಸ್ ಪೈಪ್‌ಲೈನಿಗೆ, ಸ್ಪಾಕ್‌ನಲ್ಲಿ ಟೆಸ್ಟ್ ಬರೆಯಲಿಕ್ಕೆ ಗ್ರೂವಿ ಚೆನ್ನ. ದೊಡ್ಡ ಸರ್ವಿಸ್‌ನ ನಡುಮನೆಗೆ ನಾನು ತರುವುದಿಲ್ಲ.

ಕೋಟ್ಲಿನ್: ಕಾಗದದ ಮೇಲಿನ ಪಾಲು

ಜೆಟ್‌ಬ್ರೈನ್ಸ್ 2011ರಲ್ಲಿ ಘೋಷಿಸಿ, 2016ರಲ್ಲಿ 1.0 ಬಿಡುಗಡೆ ಮಾಡಿದ ಕೋಟ್ಲಿನ್, ಟೈಪ್‌ಗಳ ಮಟ್ಟದಲ್ಲಿ ಮನೆಯನ್ನು ಭಾಗ ಮಾಡಿತು. 'ಲಿಸ್ಟ್' ಓದಲಿಕ್ಕೆ, 'ಮ್ಯೂಟಬಲ್‌ಲಿಸ್ಟ್' ತಿದ್ದಲಿಕ್ಕೆ. ಕೋಟ್ಲಿನ್ ಕೋಡ್‌ನೊಳಗೆ ಇರುವವರೆಗೆ ಕಂಪೈಲರ್ ಈ ಗೆರೆಯನ್ನು ಬಿಗಿಯಾಗಿ ಕಾಯುತ್ತದೆ. ಆದರೆ ಕಂಪೈಲ್ ಆದ ಮೇಲೆ ಗೆರೆ ಮಾಯ. ರನ್‌ಟೈಮ್‌ನಲ್ಲಿ, ಅಂದರೆ ಕೋಡ್ ಓಡುವಾಗ, ಎರಡೂ ಜಾವಾದ ಅದೇ ಲಿಸ್ಟ್. ಪತ್ರದಲ್ಲಿ ಮಾತ್ರ ಪಾಲಾಗಿದೆ, ಜಮೀನಿನಲ್ಲಿ ಬದು ಹಾಕಿಲ್ಲ.

ಇದರಿಂದ ಲಾಭವೇ ಹೆಚ್ಚು ಎಂಬುದನ್ನು ಮೊದಲು ಹೇಳಬೇಕು. ಯಾವ ಪರಿವರ್ತನೆಯೂ ಬೇಡ, ಹೊದಿಕೆಯೂ ಬೇಡ. ಜಾವಾ ಲೈಬ್ರರಿ ಕೇಳುವುದನ್ನು ಹಾಗೇ ಕೊಡಬಹುದು, ಅದು ಕೊಟ್ಟದ್ದನ್ನು ಹಾಗೇ ತೆಗೆದುಕೊಳ್ಳಬಹುದು. ಹತ್ತು ವರ್ಷದ ಜಾವಾ ಕೋಡ್‌ನಲ್ಲಿ ಒಂದೊಂದೇ ಫೈಲ್ ಬದಲಿಸುತ್ತಾ ಹೋಗುವವರಿಗೆ ಇದಕ್ಕಿಂತ ಸುಖದ ದಾರಿ ನಾನು ಕಂಡಿಲ್ಲ.

ಸಮಸ್ಯೆ ಬರುವುದು, ಮುಟ್ಟಬಾರದ ಲಿಸ್ಟ್‌ನ ಒಳಗೆ ನಿಜವಾಗಿ ಯಾವ ಪಾತ್ರೆ ಇದೆ ಎಂಬುದು ಅದನ್ನು ಮಾಡಿದ ಬಗೆಯ ಮೇಲೆ ನಿಲ್ಲುತ್ತದೆ ಎಂಬುದರಿಂದ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. 'ಲಿಸ್ಟ್‌ಆಫ್'ಗೆ ಎರಡು ಅಥವಾ ಹೆಚ್ಚು ಐಟಂ ಕೊಟ್ಟರೆ ಒಳಗೆ ಇರುವುದು ಜಾವಾದ 'ಅರೇಸ್ ಆಸ್‌ಲಿಸ್ಟ್' ಮಾಡುವ ಲಿಸ್ಟ್. ಜಾವಾ ಕಡೆಯಿಂದ ಅದಕ್ಕೆ ಹೊಸದನ್ನು ಸೇರಿಸಹೋದರೆ ಎಕ್ಸೆಪ್ಷನ್, ಆದರೆ ಇರುವುದನ್ನು 'ಸೆಟ್' ಮಾಡಿ ಬದಲಿಸಿದರೆ ಸದ್ದಿಲ್ಲದೆ ಬದಲಾಗುತ್ತದೆ. ಒಂದೇ ಐಟಂ ಕೊಟ್ಟರೆ ಸಿಂಗಲ್ಟನ್ ಲಿಸ್ಟ್, ಅದರಲ್ಲಿ ಯಾವ ತಿದ್ದುಪಡಿಯೂ ನಡೆಯುವುದಿಲ್ಲ. ಒಂದು ಲಿಸ್ಟ್ ಮೇಲೆ 'ಮ್ಯಾಪ್' (ಇದು ಜೋಡಿಗಳ ಪಟ್ಟಿಯಲ್ಲ, ಪ್ರತಿ ಐಟಂ ಅನ್ನು ಬದಲಿಸಿ ಹೊಸ ಲಿಸ್ಟ್ ಕೊಡುವ ಫಂಕ್ಷನ್) ಅಥವಾ 'ಫಿಲ್ಟರ್' ಓಡಿಸಿ ಪಡೆದದ್ದಾದರೆ ಒಳಗಿರುವುದು ಸಾಕ್ಷಾತ್ ಅರೇಲಿಸ್ಟ್. ಜಾವಾ ಅದನ್ನು ಏನು ಬೇಕಾದರೂ ಮಾಡಬಹುದು. ನನ್ನ ಜಿಲ್ಲೆಗಳ ಲಿಸ್ಟ್ ಹುಟ್ಟಿದ್ದು ಹೀಗೆ. ಮೂರರ ಟೈಪೂ ಕೋಟ್ಲಿನ್‌ನಲ್ಲಿ ಒಂದೇ, ಬರೀ 'ಲಿಸ್ಟ್'. 'ಮ್ಯಾಪ್‌ಆಫ್' ಕೂಡ ಅಷ್ಟೇ, ಎರಡು ಜೋಡಿ ಕೊಟ್ಟರೆ ಒಳಗೆ ಲಿಂಕ್ಡ್‌ಹ್ಯಾಶ್‌ಮ್ಯಾಪ್, ಜಾವಾ ಕಡೆ 'ಪುಟ್' ಮಾಡಲು ಅಡ್ಡಿಯೇ ಇಲ್ಲ. ಕೋಟ್ಲಿನ್ 1.6ರಲ್ಲಿ ಸ್ಥಿರವಾದ 'ಬಿಲ್ಡ್‌ಲಿಸ್ಟ್' ಮಾತ್ರ ಕಟ್ಟಿ ಮುಗಿಸಿದ ಮೇಲೆ ಬೀಗ ಹಾಕಿಕೊಳ್ಳುತ್ತದೆ.

'ಟುಲಿಸ್ಟ್' ಕರೆದರೆ ಸಾಕು ಎನ್ನುವವರಿದ್ದಾರೆ. ಅದು ನಕಲು ಮಾಡುತ್ತದೆ, ಹಾಗಾಗಿ ನಿಮ್ಮ ಮೂಲ ಲಿಸ್ಟ್ ಉಳಿಯುತ್ತದೆ. ಜಾವಾದವನ ಕೈಗೆ ಹೋದ ನಕಲು ಮತ್ತೆ ತಿದ್ದಬಹುದಾದದ್ದೇ, ಆದರೆ ಅದು ಅವನ ಪಾಲು, ಹಾಳಾದರೆ ಅವನಿಗೆ. ತಿದ್ದಹೋದವನಿಗೆ ಅಲ್ಲೇ ಬೈಗುಳ ಬೀಳಬೇಕೆಂದಿದ್ದರೆ ಜಾವಾದ 'ಲಿಸ್ಟ್ ಕಾಪಿಆಫ್' ಬಳಸಿ. ನಾನು ಕೊನೆಗೆ ಅದನ್ನೇ ಹಾಕಿದೆ. ಹಾಕಿದ ಹತ್ತು ನಿಮಿಷದೊಳಗೆ ಆ 'ಎಲ್ಲ ಜಿಲ್ಲೆಗಳು' ಸಾಲಿನ ಮೇಲೇ ಎಕ್ಸೆಪ್ಷನ್ ಬಿದ್ದು, ಇಡೀ ಸ್ಟ್ಯಾಕ್ ಟ್ರೇಸ್ ಕಣ್ಣ ಮುಂದೆ ಬಂತು. ಅದಕ್ಕೆ ಮೊದಲು ಎರಡು ದಿನ ಹುಡುಕಿದ್ದೆವು. ಒಂದೇ ಎಚ್ಚರ, 'ಕಾಪಿಆಫ್' ಲಿಸ್ಟ್‌ನೊಳಗೆ ನಲ್ ಇದ್ದರೆ ಒಪ್ಪುವುದಿಲ್ಲ. 'ಇದರಲ್ಲಿ ನಲ್ ಇದೆಯೇ' ಎಂದು 'ಕಂಟೈನ್ಸ್' ಕೇಳಿದರೂ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಸೆಯುವಷ್ಟು ಮಡಿ ಅದಕ್ಕೆ.

ನಲ್ ವಿಷಯ ಬಂತಲ್ಲ, ಎದುರು ದಿಕ್ಕಿನ ಕಥೆಯೂ ಇದೆ. ಜಾವಾದಿಂದ ಬಂದ ಲಿಸ್ಟ್‌ನ ಟೈಪ್ ಪಕ್ಕ ಎಡಿಟರ್ ಆಶ್ಚರ್ಯಸೂಚಕ ಚಿಹ್ನೆ ತೋರಿಸುತ್ತದೆ. ಇದನ್ನು ಪ್ಲಾಟ್‌ಫಾರ್ಮ್ ಟೈಪ್ ಎನ್ನುತ್ತಾರೆ. 'ಇದು ಓದಲಿಕ್ಕೋ ತಿದ್ದಲಿಕ್ಕೋ, ಒಳಗೆ ನಲ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನೀನೇ ನೋಡಿಕೋ' ಎಂದು ಅದರ ಅರ್ಥ. ನೀವು ಧೈರ್ಯವಾಗಿ 'ಸ್ಟ್ರಿಂಗ್‌ಗಳ ಲಿಸ್ಟ್' ಎಂದು ಬರೆದರೆ ಕಂಪೈಲರ್ ನಂಬುತ್ತದೆ. ಒಳಗೊಂದು ನಲ್ ಇದ್ದರೆ ದಾಟುವಾಗ ಯಾರೂ ತಡೆಯುವುದಿಲ್ಲ. ಆ ಒಂದು ಐಟಂ ಮುಟ್ಟುವ ಹೊತ್ತಿಗೆ, ಐದು ಫೈಲ್ ಆಚೆ, ಸಿಡಿಯುತ್ತದೆ. ಜಾವಾ ಕಡೆ ಜೆಸ್ಪೆಸಿಫೈ ಥರದ ನಲ್ ಗುರುತುಗಳನ್ನು ಹಾಕಿಸಿದರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ. ಹಾಕಿಸುವುದು ತಂಡದ ರಾಜಕೀಯ.

ಇನ್ನೊಂದು, ಆಂಡ್ರಾಯ್ಡ್‌ನವರಿಗೆ ನೆನಪಿರಬಹುದು. ಕೋಟ್ಲಿನ್ ತನ್ನ ಮ್ಯೂಟಬಲ್‌ಲಿಸ್ಟ್‌ಗೆ 'ರಿಮೂವ್‌ಫಸ್ಟ್', 'ರಿಮೂವ್‌ಲಾಸ್ಟ್' ಎಂಬ ಎಕ್ಸ್‌ಟೆನ್ಷನ್‌ಗಳನ್ನು (ಹೊರಗಿನಿಂದ ಅಂಟಿಸಿದ ಫಂಕ್ಷನ್‌ಗಳನ್ನು) ಕೊಟ್ಟಿತ್ತು. ಜಾವಾ 21 ಬಂದಾಗ ಹಿರಿಯರೂ ಅದೇ ಹೆಸರಿನ ಮೆಥಡ್‌ಗಳನ್ನು ಲಿಸ್ಟ್‌ಗೇ ಸೇರಿಸಿದರು. ಕೋಟ್ಲಿನ್ ನಿಯಮದಂತೆ ಸ್ವಂತ ಮೆಥಡ್ ಇದ್ದರೆ ಎಕ್ಸ್‌ಟೆನ್ಷನ್ ಹಿಂದೆ ಸರಿಯುತ್ತದೆ. ಆಪ್ ಅನ್ನು ಆಂಡ್ರಾಯ್ಡ್ 15ರ ಎಸ್‌ಡಿಕೆ 35ಕ್ಕೆ ಕಂಪೈಲ್ ಮಾಡಿದೊಡನೆ, ಒಂದು ಅಕ್ಷರ ಬದಲಿಸದಿದ್ದರೂ ಅದೇ ಸಾಲು ಜಾವಾದ ಹೊಸ ಮೆಥಡ್‌ಗೆ ಅಂಟಿಕೊಂಡಿತು. ಆಂಡ್ರಾಯ್ಡ್ 14 ಮತ್ತು ಹಿಂದಿನ ಫೋನ್‌ಗಳಲ್ಲಿ ಆ ಮೆಥಡ್ ಇಲ್ಲ, ಆಪ್ ಬಿತ್ತು. 'ರಿಮೂವ್‌ಅಟ್ ಸೊನ್ನೆ' ಎಂದು ಬರೆದರೆ ಸರಿಯಾಗುತ್ತದೆ. ಒಂದೇ ಪಾತ್ರೆ ಹಂಚಿಕೊಂಡವರಿಗೆ ಹಿರಿಯರು ಪಾತ್ರೆಗೆ ಹಿಡಿ ಕೂರಿಸಿದರೂ ತಿಳಿದಿರಬೇಕು, ಅಷ್ಟೇ.

ಸ್ಕಾಲಾ: ಪೂರಾ ಬೇರೆ ಮನೆ, ನಡುವೆ ಒಂದು ಬಾಗಿಲು

ಮಾರ್ಟಿನ್ ಒಡೆರ್ಸ್ಕಿ ಅವರ ಸ್ಕಾಲಾ ಸ್ವಂತ ಕಲೆಕ್ಷನ್‌ಗಳನ್ನೇ ಕಟ್ಟಿಕೊಂಡಿತು. ಸ್ಕಾಲಾದ ಲಿಸ್ಟ್ ಜಾವಾದ ಲಿಸ್ಟ್ ಅಲ್ಲವೇ ಅಲ್ಲ. ಎರಡನ್ನೂ ಸಮವೇ ಎಂದು ಕೇಳಿದರೆ, ಒಳಗಿನ ಐಟಂಗಳು ಒಂದೇ ಇದ್ದರೂ, ಇಲ್ಲ ಎನ್ನುತ್ತದೆ. ಆಚೆ ಕಳಿಸಬೇಕೆಂದರೆ 'ಆಸ್‌ಜಾವಾ', ಒಳಗೆ ತರಬೇಕೆಂದರೆ 'ಆಸ್‌ಸ್ಕಾಲಾ' ಎಂದು ಕರೆಯಬೇಕು.

ಹಿಂದೆ ಹೀಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. 'ಜಾವಾಕನ್ವರ್ಷನ್ಸ್' ಎಂಬುದನ್ನು ಇಂಪೋರ್ಟ್ ಮಾಡಿದರೆ ಕಂಪೈಲರ್ ಕಂಡಕಂಡಲ್ಲಿ ತಾನೇ ಹೊದಿಕೆ ಹಾಕುತ್ತಿತ್ತು. ಬರೆಯುವಾಗ ಸ್ವರ್ಗ. ಆರು ತಿಂಗಳ ಮೇಲೆ ಓದುವಾಗ ಯಾವ ಲಿಸ್ಟ್ ಯಾರದ್ದೆಂದು ಹೇಳಲು ಜ್ಯೋತಿಷಿ ಬೇಕಿತ್ತು. 2.12ರಲ್ಲಿ ಅದನ್ನು ಬೇಡವೆಂದು ಸಾರಿ, 2019ರ 2.13ರಲ್ಲಿ ತೆಗೆದೇಹಾಕಿದರು. ಒಳ್ಳೆಯ ಕೆಲಸ. ಈಗ 'ಕಲೆಕ್ಷನ್‌ಕನ್ವರ್ಟರ್ಸ್' ಇಂಪೋರ್ಟ್ ಮಾಡಿ, ಗಡಿಯ ಮೇಲೆ ನಿಮ್ಮ ಕೈಯಾರೆ ಮುದ್ರೆ ಒತ್ತಬೇಕು. ಕೋಡ್ ರಿವ್ಯೂ ಮಾಡುವವನಿಗೆ ಗಡಿ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಕೋಟ್ಲಿನ್‌ನಲ್ಲಿ ಹಾಗೆ ಕಾಣುತ್ತಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು.

ಈ ಮುದ್ರೆ ನಕಲು ಮಾಡುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅದು ಬರೀ ಒಂದು ಹೊದಿಕೆ. ಲಿಸ್ಟ್ ಎಷ್ಟೇ ದೊಡ್ಡದಿರಲಿ ಖರ್ಚು ಒಂದೇ. ಆಚೆ ಕಳಿಸಿ ಮತ್ತೆ ಒಳಗೆ ತಂದರೆ ಹೊದಿಕೆ ಕಳಚಿ ಮೂಲ ವಸ್ತುವೇ ಕೈಗೆ ಬರುತ್ತದೆ. ಬದಲಾಗದ ಲಿಸ್ಟ್‌ಗೆ ಹೊದಿಸಿದರೆ ಜಾವಾ ಕಡೆ 'ಆಡ್' ಎಂದೊಡನೆ ಎಕ್ಸೆಪ್ಷನ್. ಬದಲಾಗುವ ಬಫರ್‌ಗೆ ಹೊದಿಸಿದರೆ ಜಾವಾ ಬರೆದದ್ದು ನಿಮ್ಮ ಬಫರ್‌ನಲ್ಲೇ ಮೂಡುತ್ತದೆ. ಇಲ್ಲಿ ಟೈಪ್ ಹೇಳುವುದಕ್ಕೂ ನಡೆಯುವುದಕ್ಕೂ ತಾಳೆ ಇದೆ, ಅದು ಸ್ಕಾಲಾದ ಹೆಗ್ಗಳಿಕೆ.

ಹಾಗಾದರೆ ತೊಡಕು? ಮೂರು, ಅದರಲ್ಲಿ ಒಂದು ದೊಡ್ಡದು.

ದೊಡ್ಡದು ವೇಗ. ಸ್ಕಾಲಾದ ಮಾಮೂಲು ಲಿಸ್ಟ್ ಒಂದರ ಬಾಲಕ್ಕೊಂದು ಕಟ್ಟಿದ ಸರಪಳಿ. ಐನೂರನೆಯ ಕೊಂಡಿ ಬೇಕೆಂದರೆ ಮೊದಲಿನಿಂದ ಐನೂರು ಹೆಜ್ಜೆ ನಡೆಯಬೇಕು. ಅದನ್ನು ಹೊದಿಸಿ ಜಾವಾಕ್ಕೆ ಕೊಟ್ಟಿರಿ. ಆ ಕಡೆ ಯಾರೋ ಹಳೆಯ ಕಾಲದ 'ಫಾರ್' ಲೂಪ್‌ನಲ್ಲಿ ಸೊನ್ನೆಯಿಂದ ಕೊನೆಯವರೆಗೆ 'ಗೆಟ್' ಮಾಡುತ್ತಾ ಹೋದರೆ, ಲಿಸ್ಟ್‌ನಲ್ಲಿ ಒಂದು ಲಕ್ಷ ಐಟಂ ಇದ್ದರೆ, ಬರೀ 'ಗೆಟ್'ಗೇ ಸುಮಾರು 500 ಕೋಟಿ ಹೆಜ್ಜೆ. ಪ್ರತಿ ಸುತ್ತಿಗೂ 'ಸೈಜ್' ಕೇಳಿದರೆ ಅದೂ ಸರಪಳಿ ಪೂರ್ತಿ ನಡೆದು ಎಣಿಸುತ್ತದೆ, ಅಲ್ಲಿಗೆ ಇನ್ನೊಂದು 1000 ಕೋಟಿ. ನೂರು ಐಟಂ ಇಟ್ಟು ಟೆಸ್ಟ್ ಮಾಡಿದಾಗ ಇದು ಗೊತ್ತೇ ಆಗುವುದಿಲ್ಲ. ಜಾವಾದ ಹೊಸ ಬಗೆಯ 'ಫಾರ್‌ಈಚ್' ಲೂಪ್ ಇಟರೇಟರ್ ಬಳಸುವುದರಿಂದ ಒಂದೇ ನಡಿಗೆಯಲ್ಲಿ ಮುಗಿಯುತ್ತದೆ, ಆದರೆ ಆ ಕಡೆಯವರು ಯಾವ ಲೂಪ್ ಬರೆದಿದ್ದಾರೆಂದು ನಿಮಗೇನು ಗೊತ್ತು? ಗಡಿ ದಾಟುವುದನ್ನು 'ವೆಕ್ಟರ್' ಮಾಡಿ ಕಳಿಸಿ. ಅದು ಮರದ ಆಕಾರದ್ದು, ಯಾವ ಜಾಗ ಕೇಳಿದರೂ ನಾಲ್ಕಾರು ಹೆಜ್ಜೆಗೆ ಸಿಗುತ್ತದೆ.

ಎರಡನೆಯದು, ಹೊದಿಕೆ ಮೇಲಿನ ಒಂದು ಪದರಕ್ಕೆ ಮಾತ್ರ. ಲಿಸ್ಟ್‌ಗಳ ಲಿಸ್ಟ್ ಇದ್ದರೆ ಹೊರಗಿನದು ಜಾವಾದ್ದಾಗಿ, ಒಳಗಿನವು ಸ್ಕಾಲಾದವಾಗಿಯೇ ಉಳಿಯುತ್ತವೆ. ಒಳಗಿನದಕ್ಕೂ 'ಆಸ್‌ಜಾವಾ' ನೀವೇ ಓಡಿಸಬೇಕು. ಮೂರನೆಯದು, ಸ್ಕಾಲಾದ 'ಇಂಟ್'ಗಳ ಲಿಸ್ಟ್ ಜಾವಾ ಕಡೆಗೆ 'ಇಂಟಿಜರ್'ಗಳ ಲಿಸ್ಟ್ ಆಗಿ ಕಾಣದೆ 'ಆಬ್ಜೆಕ್ಟ್'ಗಳ ಲಿಸ್ಟ್ ಆಗಿ ಕಾಣುತ್ತದೆ. ಬಾಕ್ಸ್ ಮಾಡಿ, ಅಂದರೆ 'ಇಂಟಿಜರ್' ವಸ್ತುವಾಗಿ ಸುತ್ತಿ, ಕಳಿಸಬೇಕು. ಎರಡೂ ಸಣ್ಣ ಕಿರಿಕಿರಿ, ಸೊಳ್ಳೆ ಥರ, ಸಂಖ್ಯೆ ಹೆಚ್ಚಾದಾಗ ಮಾತ್ರ ನಿದ್ದೆ ಕೆಡಿಸುತ್ತವೆ.

2.12ರಿಂದ 2.13ಕ್ಕೆ ಏರುವವರಿಗೆ ಒಂದು ಮಾತು. ಬರೀ 'ಸೀಕ್' (ಸ್ಕಾಲಾದಲ್ಲಿ ಕ್ರಮವಿರುವ ಸರಣಿಗಳ ಸಾಮಾನ್ಯ ಟೈಪ್) ಎಂದರೆ ಮೊದಲು ಬದಲಾಗುವುದೂ ಆಗಬಹುದಿತ್ತು, 2.13ರಿಂದ ಬದಲಾಗದ್ದು ಮಾತ್ರ. 'ಆಸ್‌ಸ್ಕಾಲಾ' ಕೊಡುವುದು ಬದಲಾಗುವ ಬಫರ್, ಹಾಗಾಗಿ ಹಳೆಯ ಕೋಡ್ ಕಂಪೈಲ್ ಆಗದೆ ನಿಲ್ಲುತ್ತದೆ, 'ಟುಸೀಕ್' ಸೇರಿಸಿ ನಕಲು ಮಾಡಿಸಬೇಕಾಗುತ್ತದೆ. ನೂರಾರು ಕಡೆ ಸೇರಿಸುವಾಗ ಶಪಿಸಿದ್ದೇನೆ. ಆದರೆ ಆ ಪ್ರತಿಯೊಂದು ಜಾಗದಲ್ಲೂ ಹಿಂದೆ ಜಾವಾ ಕಡೆಯವರು ನಮ್ಮ ಬೆನ್ನ ಹಿಂದೆ ಲಿಸ್ಟ್ ತಿದ್ದಬಹುದಿತ್ತು ಎಂಬುದು ಲೆಕ್ಕ.

ಕ್ಲೋಜರ್: ಎಲ್ಲರಿಗೂ ತೋರಿಸು, ಯಾರಿಗೂ ಕೊಡಬೇಡ

ರಿಚ್ ಹಿಕ್ಕಿ 2007ರಲ್ಲಿ ಹೊರಬಿಟ್ಟ ಕ್ಲೋಜರ್‌ನ ಉಪಾಯ ನನಗೆ ಎಲ್ಲಕ್ಕಿಂತ ಚೊಕ್ಕವೆನಿಸುತ್ತದೆ. ಅದರ ವೆಕ್ಟರ್ ಸ್ವಂತದ್ದೇ, ಆದರೆ ಜಾವಾದ ಲಿಸ್ಟ್ ಇಂಟರ್‌ಫೇಸನ್ನೂ ಪಾಲಿಸುತ್ತದೆ. ಮ್ಯಾಪ್ ಜಾವಾದ ಮ್ಯಾಪ್ ಆಗಿಯೂ, ಸೆಟ್ ಜಾವಾದ ಸೆಟ್ ಆಗಿಯೂ ನಡೆಯುತ್ತವೆ. ಹೊದಿಕೆ ಬೇಡ, ನಕಲು ಬೇಡ, ಹಾಗೇ ಕೊಡಿ. ಓದುವ ಮೆಥಡ್‌ಗಳೆಲ್ಲ ಕೆಲಸ ಮಾಡುತ್ತವೆ. ತಿದ್ದುವ ಯಾವುದನ್ನು ಕರೆದರೂ ಅದೇ ಸಾಲಿನಲ್ಲಿ ಎಕ್ಸೆಪ್ಷನ್. ಹೇಗೆ ಹುಟ್ಟಿದ ವೆಕ್ಟರ್ ಎಂಬ ಪ್ರಶ್ನೆಯೇ ಇಲ್ಲ. ಜಿಲ್ಲೆಗಳ ಲಿಸ್ಟನ್ನು ಕ್ಲೋಜರ್‌ನಲ್ಲಿ ವೆಕ್ಟರ್ ಮಾಡಿ ಇಟ್ಟಿದ್ದರೆ ಮೊದಲ ರಿಕ್ವೆಸ್ಟಿಗೇ ಸಿಡಿದಿರುತ್ತಿತ್ತು, ಅದೂ ನನ್ನ ಮಷೀನಿನಲ್ಲಿ.

ಹಾಗೆಂದು ಗಡಿ ಸಲೀಸು ಎಂದುಕೊಳ್ಳಬೇಡಿ. ಮೊದಲ ದಿನ ಎಲ್ಲರೂ ಬೀಳುವ ಗುಂಡಿ ಕೀವರ್ಡ್. ಕ್ಲೋಜರ್ ಮ್ಯಾಪ್‌ನ ಕೀಗಳು ಸಾಮಾನ್ಯವಾಗಿ ಕೋಲನ್ ಹಚ್ಚಿದ ಕೀವರ್ಡ್‌ಗಳು, ಸ್ಟ್ರಿಂಗ್‌ಗಳಲ್ಲ. ಜಾವಾದವನು 'ನೇಮ್' ಎಂಬ ಸ್ಟ್ರಿಂಗ್ ಹಿಡಿದು 'ಗೆಟ್' ಮಾಡಿದರೆ ನಲ್. ಮ್ಯಾಪ್ ಖಾಲಿಯಿಲ್ಲ, ಪ್ರಿಂಟ್ ಮಾಡಿದರೆ ಹೆಸರು ಕಾಣುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ಗಡಿಯಲ್ಲಿ ಕೀಗಳನ್ನು ಸ್ಟ್ರಿಂಗ್ ಮಾಡಿ ಕಳಿಸಬೇಕು. ಹಾಗೆಯೇ ಕ್ಲೋಜರ್‌ನಲ್ಲಿ ಬರೆದ ಪೂರ್ಣಾಂಕ 'ಲಾಂಗ್' ಆಗಿರುತ್ತದೆ. ಜಾವಾ ಅದನ್ನು 'ಇಂಟಿಜರ್' ಎಂದು ಕಾಸ್ಟ್ ಮಾಡಿದರೆ ಬೀಳುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ಸೋಮಾರಿ ಸರಣಿಗಳು. 'ಮ್ಯಾಪ್' ಓಡಿಸಿದರೆ ಕ್ಲೋಜರ್ ತಕ್ಷಣ ಕೆಲಸ ಮಾಡುವುದಿಲ್ಲ, ಯಾರಾದರೂ ಓದಿದಾಗ ಮಾಡುತ್ತದೆ. ಅಂಥ ಸರಣಿಯನ್ನು ಜಾವಾಕ್ಕೆ ಕೊಟ್ಟರೆ ಅದೂ ಲಿಸ್ಟ್ ಥರವೇ ಕಾಣುತ್ತದೆ. ಜಾವಾ ಓದಲು ಕೂರುವ ಹೊತ್ತಿಗೆ ಮೂಲ ಫೈಲ್ ಮುಚ್ಚಿಹೋಗಿರುತ್ತದೆ. ಬೈಗುಳ ಜಾವಾ ಕೋಡ್‌ನ ಹೆಸರಿಗೆ, ತಪ್ಪು ಕ್ಲೋಜರ್ ಕಡೆಯದ್ದು. ಜೊತೆಗೆ ಅದೂ ಸರಪಳಿಯೇ, ಸ್ಕಾಲಾ ಲಿಸ್ಟ್‌ನ 500 ಕೋಟಿ ಹೆಜ್ಜೆಯ ಲೆಕ್ಕ ಇಲ್ಲಿಗೂ ಅನ್ವಯ. 'ಮ್ಯಾಪ್‌ವಿ' ಬಳಸಿ, ಅಥವಾ 'ವೆಕ್' ಮಾಡಿ ಗಟ್ಟಿಯಾದ ವೆಕ್ಟರ್ ಕಳಿಸಿ.

ಎದುರು ದಿಕ್ಕಿನಲ್ಲಿ ಒಂದು ವಿಚಿತ್ರವಿದೆ. ಕ್ಲೋಜರ್ ವೆಕ್ಟರ್ ಮತ್ತು ಜಾವಾ ಅರೇಲಿಸ್ಟ್ ಎರಡರಲ್ಲೂ ಒಂದೇ ಐಟಂಗಳಿದ್ದರೆ ಕ್ಲೋಜರ್‌ನ ಸಮ ಚಿಹ್ನೆ ಹೌದು ಎನ್ನುತ್ತದೆ. ಆದರೆ ಹ್ಯಾಶ್ ಲೆಕ್ಕ ಬೇರೆ ಬೇರೆ. ಹಾಗಾಗಿ ಅರೇಲಿಸ್ಟನ್ನು ಕ್ಲೋಜರ್ ಸೆಟ್‌ಗೆ ಹಾಕಿ, ಸಮವಾದ ವೆಕ್ಟರ್ ಹಿಡಿದು ಹುಡುಕಿದರೆ ಸಿಗದೇ ಹೋಗಬಹುದು. ಜಾವಾದಿಂದ ಬಂದದ್ದನ್ನು ಬಾಗಿಲಲ್ಲೇ 'ಇನ್‌ಟು' ಬಳಸಿ ಕ್ಲೋಜರ್ ವೆಕ್ಟರ್‌ಗೆ ಸುರಿದುಕೊಂಡರೆ ಈ ಪೀಡೆ ಇಲ್ಲ.

ಯಾರಿಗೆ ಯಾವುದು

ನಕಲು ಮಾಡುವುದೆಂದರೆ ದುಬಾರಿ ಎಂಬ ಭಯ ಈ ಆಯ್ಕೆಯನ್ನು ಬಹಳ ಸಲ ದಾರಿ ತಪ್ಪಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಐಟಂ ಇರುವ ಲಿಸ್ಟ್ ನಕಲು ಮಾಡಿದರೆ ಐಟಂಗಳು ನಕಲಾಗುವುದಿಲ್ಲ, ಅವುಗಳಿಗೆ ಬೊಟ್ಟು ಮಾಡುವ ರೆಫರೆನ್ಸ್‌ಗಳು ಮಾತ್ರ. ಸಾಮಾನ್ಯ ಗಾತ್ರದ ಹೀಪ್‌ನಲ್ಲಿ ಒಂದಕ್ಕೆ 4 ಬೈಟ್, ಒಟ್ಟು 4 ಲಕ್ಷ ಬೈಟ್. ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರದಷ್ಟು. ಸೆಕೆಂಡಿಗೆ ಸಾವಿರಾರು ಸಲ ದಾಟುವ ಬಿಸಿ ಲೂಪ್ ಇದ್ದರೆ ಮಾತು ಬೇರೆ. ಉಳಿದ ಕಡೆ ನಕಲಿಗೆ ಹೆದರಬೇಡಿ.

ಹಳೆಯ ಜಾವಾ ಸರ್ವಿಸ್, ಜಾವಾ ಮಾತ್ರ ಬಲ್ಲ ತಂಡ, ದಿನಕ್ಕೊಂದು ಫೈಲ್ ಬದಲಿಸುವ ಯೋಜನೆ ಎಂದಾದರೆ ಕೋಟ್ಲಿನ್ ತೆಗೆದುಕೊಳ್ಳಿ. ಆದರೆ ಜಾವಾ ಕರೆಯುವ ಪ್ರತಿ ಪಬ್ಲಿಕ್ ಫಂಕ್ಷನ್ನೂ 'ಕಾಪಿಆಫ್' ಮಾಡಿದ ಲಿಸ್ಟನ್ನೇ ಹಿಂತಿರುಗಿಸಬೇಕೆಂಬ ನಿಯಮವನ್ನು ಮೊದಲ ದಿನವೇ ಬರೆದಿಡಿ, ನನ್ನ ಹಾಗೆ ಡ್ರಾಪ್‌ಡೌನ್ ನೋಡಿದ ಮೇಲೆ ಬರೆಯಬೇಡಿ. ದೊಡ್ಡ ದತ್ತಾಂಶ ಅರೆಯುವ ಸ್ಪಾರ್ಕ್ ಸುತ್ತ ಕೆಲಸವಿದ್ದರೆ, ಅದು ಬರೆದಿರುವುದೇ ಬಹುಪಾಲು ಸ್ಕಾಲಾದಲ್ಲಿ, ಅಲ್ಲಿ ಚರ್ಚೆ ಅನಗತ್ಯ. ಜಾವಾ ಜೊತೆಗಿನ ಗಡಿ ಚಿಕ್ಕದು, ಒಳಗಿನ ಲೆಕ್ಕಾಚಾರ ದೊಡ್ಡದು ಎಂಬ ಕಡೆ ಸ್ಕಾಲಾ ಹೊಂದುತ್ತದೆ. ಗಡಿಯೇ ಉದ್ದವಾಗಿದ್ದು ಪ್ರತಿ ಕ್ಲಾಸೂ ಜಾವಾದೊಡನೆ ಮಾತಾಡಬೇಕಾದರೆ 'ಆಸ್‌ಜಾವಾ' ಒತ್ತಿ ಒತ್ತಿ ಕೈ ನೋಯುತ್ತದೆ. ಒಂದೇ ದತ್ತಾಂಶವನ್ನು ಹತ್ತಾರು ಥ್ರೆಡ್‌ಗಳು ಓದುವ ಕಡೆ, ತಂಡದಲ್ಲಿ ಆವರಣಗಳೇ ತುಂಬಿದ ಕೋಡ್‌ಗೆ ಹೆದರದ ಇಬ್ಬರಾದರೂ ಇದ್ದರೆ, ಕ್ಲೋಜರ್. ಇಬ್ಬರಿಲ್ಲದಿದ್ದರೆ ಬೇಡ, ಒಬ್ಬನೇ ಇದ್ದು ಅವನು ಕೆಲಸ ಬಿಟ್ಟಾಗಿನ ಪಾಡು ನೋಡಿದ್ದೇನೆ.

ನಿರ್ಧರಿಸುವ ಮುಂಚೆ ಒಂದು ಮಧ್ಯಾಹ್ನ ಕೊಡಿ. ಆರಿಸಬೇಕೆಂದಿರುವ ಭಾಷೆಯಲ್ಲಿ ನಿಮ್ಮದೇ ಡೇಟಾದ ಒಂದು ಲಿಸ್ಟ್ ಹಿಂತಿರುಗಿಸುವ ಫಂಕ್ಷನ್ ಬರೆಯಿರಿ. ಬರೀ ಮೂರು ಐಟಂಗಳನ್ನು ಕೈಯಲ್ಲಿ ಟೈಪ್ ಮಾಡಬೇಡಿ, ನಿಮ್ಮ ಕೋಡ್‌ನಲ್ಲಿ ನಿಜವಾಗಿ ಹುಟ್ಟುವ ಹಾಗೆಯೇ ಹುಟ್ಟಿಸಿ. ಜಾವಾದಿಂದ ಅದನ್ನು ಕರೆದು 'ಆಡ್' ಮಾಡಿ, 'ಸೆಟ್' ಮಾಡಿ, ಒಳಗಿನ ಮೊದಲ ಐಟಂನ ಕ್ಲಾಸ್ ಹೆಸರು ಪ್ರಿಂಟ್ ಮಾಡಿ, ಒಂದು ಲಕ್ಷ ಐಟಂ ತುಂಬಿ ಇಂಡೆಕ್ಸ್ ಹಿಡಿದು ಓದಿ. ಆಮೇಲೆ ಅದೇ ಫಂಕ್ಷನ್ನನ್ನು ಎರಡನೆಯ ಸಲ ಕರೆದು, ಮೊದಲ ಸಲ ಸೇರಿಸಿದ್ದು ಅಲ್ಲಿ ಕೂತಿದೆಯಾ ನೋಡಿ.